ಕಿಕ್ಕರೂ ಅದೇ, ಗೇರೂ ಅದೇ

ಯೆಜ್ಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇಲ್ಲ. ಎಡಗಡೆಯ ಒಂದೇ ಲಿವರು ಎರಡೂ ಕೆಲಸ ಮಾಡುತ್ತದೆ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರು. ಈಗಿನ ಮೆಕ್ಯಾನಿಕ್ ಹುಡುಗರು ಬಲಗಡೆ ಬಗ್ಗಿ ಕಿಕ್ಕರ್ ಹುಡುಕಿ ಪೆಚ್ಚಾಗಿ ನಗುತ್ತಾರೆ.

ಈ ಲಿವರು ಜೆಕ್ ದೇಶದಿಂದ ಬಂದದ್ದು. ಜಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ಮಾಡುವ ಹಕ್ಕು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಜಾವಾ ಎಂದು ಕರೆದ. 1960ರ ದಶಕದ ಆರಂಭದಲ್ಲಿ ಅದು ಮೈಸೂರಿಗೆ ಬಂತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ಹೊರಬಂದವು. ಯೆಜ್ಡಿ ಎಂದರೆ ಇರಾನಿನ ಯಜ್ದ್ ಊರು ಎನ್ನುವವರುಂಟು, ಕಂಪನಿ ಕಟ್ಟಿದವರು ಇರಾನಿ ಮನೆತನದವರು. ಜೆಕ್ ಭಾಷೆಯಲ್ಲಿ ‘ಯೆಜ್ದೀ’ ಎಂದರೆ ‘ಸವಾರಿ ಮಾಡುತ್ತಾನೆ’ ಎಂದೂ ಅರ್ಥವಿದೆ. ಎರಡರಲ್ಲಿ ಯಾವುದೇ ಆಗಲಿ, ಹೆಸರು ಗಾಡಿಗೆ ಒಪ್ಪುತ್ತದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಚೆಗೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಬಂದಿವೆಯಾದರೂ ಅವು ಫೋರ್ ಸ್ಟ್ರೋಕ್. ಹಳೆಯದರ ಒಂದು ಸ್ಕ್ರೂ ಕೂಡ ಅವುಗಳಿಂದ ಸಿಗುವುದಿಲ್ಲ.

ಪುಣೆಯ ಕೋಥರೂಡಿನಲ್ಲಿ ಇಪ್ಪತ್ತು ವರ್ಷದಿಂದ ಇರುವ ಮೈಸೂರಿನ ಒಬ್ಬರು ಇಂಥದೇ ಒಂದು ಗಾಡಿಯನ್ನು, 1984ರ ರೋಡ್‌ಕಿಂಗ್ ಅನ್ನು, ಲಾರಿಯಲ್ಲಿ ತರಿಸಿಕೊಂಡರು. ಅವರ ತಂದೆ ನಂಜನಗೂಡಿನಲ್ಲಿ ಮೇಷ್ಟರಾಗಿದ್ದು, ಮೈಸೂರಿನಿಂದ ದಿನಾ ಅದರಲ್ಲೇ ಓಡಾಡಿದವರು. ಮೇಷ್ಟರು ತೀರಿಕೊಂಡ ಮೇಲೆ ಹನ್ನೊಂದು ವರ್ಷ ಗಾಡಿ ಮನೆಯ ಹಿಂದೆ ತಗಡಿನ ಶೀಟಿನ ಕೆಳಗೆ ನಿಂತಿತ್ತು. ಪುಣೆಯಲ್ಲಿ ಇಳಿಸುವಾಗ ಸೊಸೈಟಿಯ ವಾಚ್‌ಮನ್ “ಯೇ ಭಂಗಾರ್ ಕಿಧರ್ ರಖನೇ ಕಾ?” ಎಂದ. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ. ಒಂದು ಮಹಾಪ್ರಾಣ ತೆಗೆದರೆ ಕನ್ನಡದಲ್ಲಿ ಚಿನ್ನವಾಗುತ್ತದೆ. ಪುಣೆ-ಮುಂಬೈ ಕನ್ನಡಿಗರು ಮೊದಲ ವಾರದಲ್ಲೇ ಕಲಿಯುವ ಈ ಹಳೇ ಜೋಕು ಆವತ್ತು ಅವರಿಗೆ ಅಷ್ಟೇನೂ ನಗು ತರಿಸಲಿಲ್ಲ.

ನಿಂತ ಟೂ ಸ್ಟ್ರೋಕ್ ಗಾಡಿಗೆ ಬರುವ ಮೊದಲ ಕಾಯಿಲೆ ಪಿಸ್ಟನ್ ಹಿಡಿದುಕೊಳ್ಳುವುದು. ಲಿವರ್ ಮೇಲೆ ನಿಂತರೂ ಅಲ್ಲಾಡುವುದಿಲ್ಲ. ಆಗ ಸುತ್ತಿಗೆ ಹಿಡಿಯುವವರೇ ಹೆಚ್ಚು. ಪಿಸ್ಟನ್ ಅಲ್ಯೂಮಿನಿಯಂ, ಎರಡೇಟಿಗೆ ತಲೆ ಒಡೆಯುತ್ತದೆ. ಅವರು ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲು ಮತ್ತು ಗೇರ್‌ಬಾಕ್ಸಿನ ತೆಳು ಎಣ್ಣೆ ಬೆರೆಸಿ ಸುರಿದು, ದಿನಾ ಸಂಜೆ ಆಫೀಸಿನಿಂದ ಬಂದು ಕ್ರ್ಯಾಂಕಿನ ತುದಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆತ್ತಗೆ ಆ ಕಡೆ ಈ ಕಡೆ ಅಲ್ಲಾಡಿಸಿದರು. ಒಂಬತ್ತನೇ ದಿನ ಕೂದಲೆಳೆಯಷ್ಟು ಕದಲಿತು. ಹನ್ನೆರಡನೇ ದಿನ ಪೂರ್ತಿ ಒಂದು ಸುತ್ತು.

ಟ್ಯಾಂಕಿನ ತುಕ್ಕಿಗೆ ಒಂದು ಹಿಡಿ ನಟ್ಟುಗಳನ್ನು ಒಳಗೆ ಹಾಕಿ ವಿನೆಗರ್ ತುಂಬಿ ಕುಲುಕುವುದು, ಆಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸುವುದು. ರೋಡ್‌ಕಿಂಗಿಗೆ ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಎರಡರಲ್ಲೂ ಗಟ್ಟಿಯಾಗಿ ಕೂತ ಮಸಿ ಕೆರೆಯುವುದಕ್ಕೇ ಎರಡು ಭಾನುವಾರ ಹೋದವು. ಇವೆಲ್ಲ ಮನೆಯಲ್ಲಿ ಆಗುವ ಕೆಲಸ. ಆಗದಿರುವುದು ಕ್ರ್ಯಾಂಕಿನದು. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಒತ್ತಡದಲ್ಲಿ ಮೇಲಕ್ಕೆ ಹೋಗುತ್ತದೆ. ಅದಕ್ಕೇ ಎರಡು ಬದಿಯ ಆಯಿಲ್ ಸೀಲುಗಳು ಬಿಗಿಯಾಗಿರಬೇಕು. ವರ್ಷಗಟ್ಟಲೆ ನಿಂತರೆ ಆ ರಬ್ಬರು ಹಪ್ಪಳದಂತಾಗುತ್ತದೆ. ಹೊರಗಿನ ಗಾಳಿ ಸೇರಿ, ಪೆಟ್ರೋಲಿನ ಜೊತೆ ಬರಬೇಕಾದ ಎಣ್ಣೆ ಸಾಲದೆ ಪಿಸ್ಟನ್ ಮತ್ತೆ ಹಿಡಿಯುತ್ತದೆ. ಸ್ಟಾರ್ಟ್ ಆಯಿತೆಂಬ ಖುಷಿಯಲ್ಲಿ ಸೀಲು ಬದಲಾಯಿಸದೆ ಹೈವೇಗೆ ಹೋದ ಗಾಡಿಗಳ ಕತೆ ಬಹಳ ಇವೆ.

ಬಣ್ಣದ ವಿಷಯದಲ್ಲಿ ಅವರು ಜಾಣತನ ತೋರಿದರು ಎನ್ನಬೇಕು. ಹಳೆ ಗಾಡಿಗೆ ಕನ್ನಡಿಯಂಥ ಪೇಂಟು, ಸಿಕ್ಕಲ್ಲೆಲ್ಲ ಕ್ರೋಮು ಹೊಡೆಸಿ ಮದುಮಗನ ಹಾಗೆ ನಿಲ್ಲಿಸುವ ಶೋಕಿ ಈಗ ಜೋರಾಗಿದೆ. ನಲವತ್ತು ವರ್ಷ ಬದುಕಿದ್ದರ ಗುರುತೇ ಆಮೇಲೆ ಇರುವುದಿಲ್ಲ. ಟ್ಯಾಂಕಿನ ಎರಡೂ ಬದಿ ಮೇಷ್ಟರ ಮೊಣಕಾಲು ತಾಗಿ ತಾಗಿ ಬಣ್ಣ ಸವೆದ ಜಾಗವನ್ನು ಅವರು ಹಾಗೇ ಬಿಟ್ಟು, ಮೇಲೆ ಬರೀ ಮೇಣ ಉಜ್ಜಿದರು.

ಎಂಜಿನ್ ತೊಳೆದಾಗ ಸಮಸ್ಯೆ ಶುರುವಾಯಿತು. ಜಿಡ್ಡಿನ ಕೆಳಗೆ ಕಂಡ ನಂಬರು ಆರ್‌ಸಿ ಪುಸ್ತಕದಲ್ಲಿದ್ದ ಎಂಜಿನ್ ನಂಬರಲ್ಲ. ಚಾಸಿ ನಂಬರ್ ಸರಿಯಿತ್ತು. “ಇದರ ಎಂಜಿನ್ ಒಂದು ಸಲವೂ ಬಿಚ್ಚಿಲ್ಲ, ಕಂಪನಿಯವರು ಕೂರಿಸಿದ್ದು ಹಾಗೇ ಇದೆ” ಎಂದು ತಂದೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನಾ ಪೇಠೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಮಗನೂ ಅದನ್ನೇ ಹೇಳಿಕೊಂಡು ಬಂದಿದ್ದರು. ರಾತ್ರಿ ತಾಯಿಗೆ ಫೋನ್ ಮಾಡಿದರು.

“ಈಗ ಗೊತ್ತಾಯ್ತಾ?” ಎಂದರು ತಾಯಿ. “ನಿಮ್ಮಕ್ಕನ ಮದುವೆ ವರ್ಷ ಕಣೋ. ಕಡಕೊಳದ ಹತ್ರ ಸೀಜ್ ಆಗಿ ನಿಂತೋಯ್ತು. ಸರಿ ಮಾಡ್ಸೋಕೆ ದುಡ್ಡೆಲ್ಲಿತ್ತು? ಕಾರ್ಖಾನೆನೂ ಮುಚ್ಚಿತ್ತು. ಗುಜರಿಯಿಂದ ಒಂದು ಎಂಜಿನ್ ತಂದು ಹಾಕಿಸ್ಕೊಂಡ್ರು. ನೀನು ಹಾಸ್ಟೆಲ್ನಲ್ಲಿದ್ದೆ. ಅವನಿಗೆ ಹೇಳ್ಬೇಡ, ಬೇಜಾರ್ ಮಾಡ್ಕೋತಾನೆ ಅಂದ್ರು.”

“ಅಷ್ಟು ವರ್ಷ ಸುಳ್ಳು ಹೇಳಿದ್ರಾ ಅಮ್ಮ?”

“ಸುಳ್ಳೇನು ಬಂತು. ಹೇಳಿ ಹೇಳಿ ಅವರಿಗೇ ನಿಜ ಅನ್ನಿಸ್ಬಿಟ್ಟಿತ್ತು.”

ಎಂಜಿನ್ ಬದಲಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಬರೆಸಬೇಕು. ಬರೆಸದಿದ್ದರೆ ತಪಾಸಣೆಯಲ್ಲಿ ನಂಬರು ತಾಳೆಯಾಗುವುದಿಲ್ಲ. ಹೆಸರು ವರ್ಗಾವಣೆ, ಕರ್ನಾಟಕದಿಂದ ಎನ್ಒಸಿ, ಮಹಾರಾಷ್ಟ್ರದಲ್ಲಿ ನೋಂದಣಿ, ಎಲ್ಲವೂ ಅಲ್ಲಿಗೇ ನಿಲ್ಲುತ್ತವೆ. ಹೊಸ ಎಂಜಿನ್ ಕೊಂಡದ್ದಕ್ಕೆ ರಸೀದಿ ಕೇಳುತ್ತಾರೆ. ಗುಜರಿಯವನು ರಸೀದಿ ಕೊಟ್ಟಿರಲಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ‘ವಿಎ’ ಸರಣಿಯ ಬೇರೆ ನೋಂದಣಿ ತಂದಿದೆ. ಆದರೆ ಅದು 50 ವರ್ಷ ದಾಟಿದವಕ್ಕೆ, ಅದೂ ಮೂಲರೂಪದಲ್ಲಿದ್ದರೆ. ಜೊತೆಗೆ ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕಷ್ಟೇ ರಸ್ತೆಗಿಳಿಸಬಹುದು. 1984ರ ಗಾಡಿ ಅತ್ತ ವಿಂಟೇಜೂ ಅಲ್ಲ, ಇತ್ತ ಹೊಸದೂ ಅಲ್ಲ.

ಸುಲಭದ ದಾರಿಯೂ ಒಂದು ಬಂತು. ಪರಿಚಯದ ಒಬ್ಬ, ಈಗಿರುವ ನಂಬರು ಉಜ್ಜಿ ತೆಗೆದು ಆರ್‌ಸಿಯಲ್ಲಿರುವುದನ್ನೇ ಹೊಡೆದುಕೊಡುವುದಾಗಿ ಹೇಳಿದ. ಅದು ಕಳ್ಳಗಾಡಿಗಳಿಗೆ ಮಾಡುವ ಕೆಲಸ, ಸಿಕ್ಕಿಬಿದ್ದರೆ ಕೇಸು. ಆದರೂ ನಾಲ್ಕು ದಿನ ಅವರು ಬೇಡವೆನ್ನಲಿಲ್ಲ. ಹಾಗೆ ಮಾಡಿದ್ದರೆ ಮೇಷ್ಟರ ಮಾತು ಕಾಗದದಲ್ಲೂ ಕಬ್ಬಿಣದಲ್ಲೂ ನಿಜವಾಗಿಬಿಡುತ್ತಿತ್ತು. ಐದನೇ ದಿನ ಆ ನಂಬರಿನ ಫೋಟೋ ತೆಗೆದು ತಾಯಿಗೆ ಕಳಿಸಿ, ಎಂಜಿನ್ ಕೂರಿಸಿದ ಮೆಕ್ಯಾನಿಕ್ ಯಾರೆಂದು ಕೇಳಿದರು. ಅಗ್ರಹಾರದಲ್ಲಿದ್ದ ಆತ ತೀರಿಕೊಂಡಿದ್ದಾನೆ, ಮಗ ಅಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ ಎಂದು ಉತ್ತರ ಬಂತು.

ದಸರಾ ರಜೆಯಲ್ಲಿ ಮೈಸೂರಿಗೆ ಹೋಗಿ ಆ ಅಂಗಡಿಯಲ್ಲಿ ಹಳೆಯ ಲೆಕ್ಕದ ಪುಸ್ತಕವೇನಾದರೂ ಉಳಿದಿದೆಯೇ ನೋಡಬೇಕು, ಅಫಿಡವಿಟ್ ಮಾಡಿಸಿ ಅರ್ಜಿ ಹಾಕಬೇಕು ಎಂದುಕೊಂಡಿದ್ದಾರೆ. ಅಲ್ಲಿಯವರೆಗೆ ಗಾಡಿ ಸೊಸೈಟಿಯ ಗೇಟು ದಾಟುವಂತಿಲ್ಲ. ಲೀಟರಿಗೆ 40 ಮಿಲಿ ಟೂಟಿ ಎಣ್ಣೆ ಬೆರೆಸಿ ಭಾನುವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾರೆ. ಹೊಗೆ ಜಾಸ್ತಿಯಾಯಿತೆಂದು ಎರಡನೇ ಮಹಡಿಯವರು ದೂರು ಕೊಟ್ಟ ಮೇಲೆ ಗಾಡಿಯನ್ನು ನೀರಿನ ಟ್ಯಾಂಕಿನ ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತಾರೆ. ತಳ್ಳುವುದಕ್ಕೆ ವಾಚ್‌ಮನ್ ಬರುತ್ತಾನೆ, ಲಿವರ್ ತಾನೇ ಒದೆಯುತ್ತೇನೆ ಎನ್ನುತ್ತಾನೆ.