ಕಮಾನಿನ ಕಿಟಕಿಯ ಕಾರ್ಖಾನೆ

ಹಳೆಯ ಕಲ್ಲಿನ ಗೋಡೆ, ಮೇಲೆ ಸೂರಿಲ್ಲ, ಸಾಲಾಗಿ ಕಮಾನಿನ ಕಿಟಕಿಗಳು. ಇಷ್ಟು ಕಂಡರೆ ಸಾಕು, ಅಲ್ಲಿ ಒಂದು ಕಾಲಕ್ಕೆ ಪ್ರಾರ್ಥನೆ ನಡೆಯುತ್ತಿತ್ತೆಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ವೇಲ್ಸ್‌ನ ವಾಯವ್ಯ ಭಾಗದ ಕುಮ್ ಅಸ್ತ್ರದ್‌ಲಿನ್ ಕಣಿವೆಯಲ್ಲಿರುವ ‘ಅನಿಸ್ ಅ ಪಂಡಿ’ಗೂ ಹಾಗೇ ಆಗಿದೆ. ಸುತ್ತ ಕುರಿ ಮೇಯುವ ಹುಲ್ಲುಗಾವಲು, ನಡುವೆ ದಿಣ್ಣೆಯ ಮೇಲೆ ಮೂರಂತಸ್ತಿನ ಬೋಳು ಗೋಡೆಗಳು. ಪಾಳುಬಿದ್ದ ಕ್ರೈಸ್ತ ಮಠದಂತಿದೆ ಎಂದು ಜನ ಮೆಚ್ಚಿ ಹೇಳುತ್ತಾರೆ. ಆ ಮೆಚ್ಚುಗೆಗೆ ನನ್ನ ತಕರಾರಿದೆ. ಇಲ್ಲಿ ಕೊಯ್ಯುತ್ತಿದ್ದುದು ಸ್ಲೇಟು ಕಲ್ಲನ್ನು, ಮತ್ತು ಈ ಕಟ್ಟಡದ ಚೆಲುವೆಲ್ಲ ಆ ಕೆಲಸದಿಂದಲೇ ಹುಟ್ಟಿದ್ದು.

ವೇಲ್ಸ್‌ನ ಸ್ಲೇಟು ಎಂದೊಡನೆ ನೆನಪಾಗುವುದು ಮನೆಯ ಮೇಲಿನ ಹಂಚು. ಕಸುಬುದಾರ ಉಳಿಯಿಟ್ಟು ತಟ್ಟಿದರೆ ಒಳ್ಳೆಯ ಸ್ಲೇಟು ತೆಳುವಾಗಿ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಅನಿಸ್ ಅ ಪಂಡಿಯ ಕಸುಬು ಬೇರೆ. ಅಲ್ಲಿ ತಯಾರಾಗುತ್ತಿದ್ದುದು ದಪ್ಪ ಚಪ್ಪಡಿ: ನೆಲಕ್ಕೆ ಹಾಸಲು, ಹಾಲು ಬೆಣ್ಣೆಯ ಕೋಣೆಗಳಿಗೆ, ನೀರಿನ ತೊಟ್ಟಿಗಳಿಗೆ, ಮೂತ್ರಿಗಳಿಗೂ ಕೂಡ. ನಮ್ಮ ಅಡುಗೆಮನೆಯ ಕಟ್ಟೆಗೆ ಕಡಪಾ ಕಲ್ಲು ಹೇಗೋ, ಅಲ್ಲಿನವರಿಗೆ ಈ ಚಪ್ಪಡಿ ಹಾಗೆ. ಇದನ್ನು ಉಳಿಯಿಂದ ಸೀಳಿದರಾಗದು. ಗರಗಸದಿಂದ ಕೊಯ್ದು ಯಂತ್ರದಲ್ಲಿ ಹೆರೆದು ಮಟ್ಟ ಮಾಡಬೇಕು. ಯಂತ್ರಕ್ಕೆ ಬಲ ಬೇಕು, ಬಲಕ್ಕೆ ನೀರು ಬೇಕು. ಕಟ್ಟಡದ ರೂಪ ನಿರ್ಧಾರವಾದದ್ದು ಇಲ್ಲಿಂದ.

ಕಾಲುವೆಯಲ್ಲಿ ಹರಿದು ಬಂದ ನೀರು ಕಟ್ಟಡದ ಒಳಗೇ ಇದ್ದ ದೊಡ್ಡ ಚಕ್ರವೊಂದನ್ನು ತಿರುಗಿಸುತ್ತಿತ್ತು. ಅದರ ಅಡ್ಡಳತೆ ಸುಮಾರು 8 ಮೀಟರ್. ಚಕ್ರ ಹೋಗಿದೆ, ಅದು ಕೂತಿದ್ದ ಆಳವಾದ ಗುಂಡಿ ಉಳಿದಿದೆ. ಅಷ್ಟು ದೊಡ್ಡ ಚಕ್ರ ಒಳಗೆ ತಿರುಗುವಾಗ ಗೋಡೆ ತೆಳ್ಳಗಿದ್ದರೆ ನಡೆಯುತ್ತದೆಯೇ? ಗರಗಸದ ಮುಂದೆ ನಿಂತವನಿಗೆ ಗೆರೆ ಕಾಣಲು ಬೆಳಕು ಬೇಡವೇ? ಅದಕ್ಕೇ ಆ ಎತ್ತರದ ಕಿಟಕಿಗಳು. ಕಲ್ಲಿನ ಗೋಡೆಯಲ್ಲಿ ಅಗಲವಾದ ಕಿಂಡಿ ಬಿಟ್ಟರೆ ಮೇಲಿನ ಭಾರ ಹೊರಲು ಕಮಾನು ಒಳ್ಳೆಯ ಉಪಾಯ. ಇನ್ನು ದಿಣ್ಣೆಯ ಇಳಿಜಾರು. ಮೇಲಿನಿಂದ ಬಂದ ಟ್ರಾಮ್ ಹಳಿ ಕವಲೊಡೆದು ಬೇರೆ ಬೇರೆ ಮಟ್ಟಕ್ಕೆ ತಲುಪುತ್ತಿದ್ದುದರಿಂದ, ಮಣಭಾರದ ಕಲ್ಲನ್ನು ಮಹಡಿಗೆ ಎತ್ತುವ ಪಾಡಿರಲಿಲ್ಲ. ಸ್ಲೇಟು ಕಾರ್ಖಾನೆಗಳು ಸಾಮಾನ್ಯವಾಗಿ ಉದ್ದನೆಯ ಒಂದಂತಸ್ತಿನ ಕೊಟ್ಟಿಗೆಗಳು. ಇಲ್ಲಿ ಮೂರಂತಸ್ತು ಎದ್ದು ನಿಂತಿತು.

ಕಟ್ಟಿದ್ದು 1850ರ ದಶಕದ ನಡುವೆ. ವಿನ್ಯಾಸ ಜೇಮ್ಸ್ ಬ್ರನ್‌ಲೀಸ್ ಅವರದ್ದಿರಬೇಕು ಎನ್ನುತ್ತಾರೆ. ಮುಂದೆ ಬ್ರೆಜಿಲ್‌ನ ಬೆಟ್ಟ ಹತ್ತುವ ಸಾವೊ ಪಾಲೊ ರೈಲುಮಾರ್ಗದಲ್ಲೂ ಲಿವರ್‌ಪೂಲ್‌ನ ಮರ್ಸಿ ನದಿಯಡಿಯ ರೈಲು ಸುರಂಗದಲ್ಲೂ ಹೆಸರು ಮಾಡಿದ ಎಂಜಿನಿಯರ್ ಅವರು. ಗೋಡೆ ಎತ್ತಿದವರು ಪಕ್ಕದ ಊರಿನ ಇವಾನ್ ಜೋನ್ಸ್. ಲೋಕ ಸುತ್ತುವ ಲೆಕ್ಕಾಚಾರವೂ ನೆಲದ ಕಲ್ಲನ್ನು ಬಲ್ಲ ಕೈಯೂ ಕೂಡಿದ ಗೋಡೆಯಿದು ಎಂದುಕೊಂಡರೆ ನನಗೆ ಖುಷಿಯಾಗುತ್ತದೆ.

ಇಷ್ಟೆಲ್ಲ ಕಟ್ಟಿದ್ದು ಕಣಿವೆಯ ಮೇಲ್ತುದಿಯ ಗೊರ್ಸೆದೈ ಕಲ್ಲುಗಣಿಯನ್ನು ನಂಬಿ. ಕೆಲಸಗಾರರಿಗೆಂದು ಅಲ್ಲಿ ಟ್ರೆವೋರಿಸ್ ಎಂಬ ಊರನ್ನೇ ಮೂರು ಬೀದಿಗಳಲ್ಲಿ ಕಟ್ಟಿಸಿದರು. ಪೋರ್ತ್‌ಮಾಡಾಗ್ ಬಂದರಿನವರೆಗೆ ಹಳಿ ಹಾಕಿಸಿದರು. 1860ರಲ್ಲಿ ಎರಡು ಸಾವಿರ ಟನ್ನಿಗೂ ಮಿಕ್ಕಿ ಸ್ಲೇಟು ಹೊರಬಂತು. ಆದರೆ ಬೆಟ್ಟದಲ್ಲಿ ಒಳ್ಳೆಯ ಕಲ್ಲು ಸಾಲದಾಯಿತು. ಹೂಡಿದ ಹಣ ಮರಳಲಿಲ್ಲ, ಆ ದಶಕ ಮುಗಿಯುವ ಹೊತ್ತಿಗೆ ಗಣಿಯ ಸದ್ದಡಗಿತು. ಬೆಟ್ಟ ಕೈಕೊಟ್ಟಿದ್ದಕ್ಕೆ ಕಟ್ಟಡವನ್ನು ದೂರಲಾಗದು. ತನಗೆ ಒಪ್ಪಿಸಿದ ಕೆಲಸಕ್ಕೆ ಅದು ಪೂರ್ತಿ ಸಜ್ಜಾಗಿಯೇ ನಿಂತಿತ್ತು.

ಯಂತ್ರ ನಿಂತ ಮೇಲೂ ಅಲ್ಲಿ ಜನ ಸೇರಿದರು. ಸೂರು ಇರುವ ತನಕ ಅಲ್ಲಿ ಐಸ್ಟೆದ್‌ವೊಡ್, ಅಂದರೆ ಕವಿತೆ ಮತ್ತು ಹಾಡಿನ ಸ್ಪರ್ಧೆಯ ಹಬ್ಬ, ನಡೆಯುತ್ತಿತ್ತು. ವೇಲ್ಸ್‌ನ ಗಣಿಕಾರ್ಮಿಕರನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಊಟದ ಬಿಡುವಿಗೆ ಅವರು ಕೂಡುತ್ತಿದ್ದ ‘ಕಬಾನ್’ ಎಂಬ ಗುಡಿಸಲಿನಲ್ಲಿ ಚಹಾದ ಜೊತೆಗೆ ರಾಜಕೀಯದ ಚರ್ಚೆ, ಹಾಡು, ಪದ್ಯ ಎಲ್ಲವೂ ಇರುತ್ತಿತ್ತು. 1884ರಲ್ಲಿ ಬ್ಯಾಂಗರ್‌ನಲ್ಲಿ ತೆರೆದ ಕಾಲೇಜಿಗೆ ಈ ಕಾರ್ಮಿಕರು ತಮ್ಮ ಕೂಲಿಯಿಂದ ಚಂದಾ ಕೊಟ್ಟಿದ್ದರು. ಅಂಥವರು ಖಾಲಿ ಕಾರ್ಖಾನೆಯಲ್ಲಿ ಕವಿತೆ ಓದಿಸದೆ ಬಿಟ್ಟಾರೆಯೇ! 1906ರ ಸುಮಾರಿಗೆ ಸೂರು ಕಿತ್ತರು. ಗೋಡೆಗಳು ಬಿಸಿಲು ಮಳೆಗೆ ತೆರೆದುಕೊಂಡವು.

ಈಗ ಅವಕ್ಕೆ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನದ ಆಸರೆಯಿದೆ. 2021ರಲ್ಲಿ ವಾಯವ್ಯ ವೇಲ್ಸ್‌ನ ಸ್ಲೇಟು ನಾಡನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಾರ್ಖಾನೆಯೂ ಅದರೊಳಗೆ ಬಂತು. ನನಗಂತೂ ಇದು ತುಂಬ ಸರಿಯಾದ ಮರ್ಯಾದೆ. ಅಲ್ಲಿಗೆ ಹೋಗುವವರು ಮೊದಲು ಚಕ್ರದ ಗುಂಡಿಯನ್ನು ನೋಡಲಿ, ಹಳಿ ಬಂದ ದಾರಿಯನ್ನು ಹುಡುಕಲಿ, ಆಮೇಲೆ ತಲೆಯೆತ್ತಿ ಕಿಟಕಿಗಳನ್ನು ನೋಡಲಿ. ದುಡಿಮೆಗೆಂದು ಕಟ್ಟಿದ ಮನೆ ದುಡಿಮೆಯ ಮನೆಯಾಗಿಯೇ ಸುಂದರ. ಅದನ್ನು ಮೆಚ್ಚಲು ಮಠದ ಹೆಸರನ್ನು ಸಾಲ ತರಬೇಕಾಗಿಲ್ಲ.