ಮುಟ್ಟಿಗೆ ಮುಂಚಿನ ಆ ದಿನಗಳು

ನಮಾಝ್ ಬಿಡಬೇಕಾದ ದಿನಗಳ ಲೆಕ್ಕವನ್ನು ನಾವೆಲ್ಲ ಸರಿಯಾಗಿಯೇ ಇಡುತ್ತೇವೆ. ಮದ್ರಸದಲ್ಲಿ ನಾನು ಕಲಿತದ್ದೂ, ಈಗ ಹುಡುಗಿಯರಿಗೆ ಕಲಿಸುತ್ತಿರುವುದೂ ಅದನ್ನೇ. ಆದರೆ ಮುಟ್ಟಿಗೆ ಮುಂಚಿನ ದಿನಗಳನ್ನೂ ಗಮನಿಸಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನಿರುವುದು ಮಸ್ಕಿಯಲ್ಲಿ. ಲಿಂಗಸುಗೂರಿಗೆ ಮದುವೆಯಾಗಿ ಹೋದ ನನ್ನ ತಂಗಿ ಪ್ರತಿ ತಿಂಗಳೂ ಕೆಲವು ದಿನ ಬೇರೆಯೇ ಹೆಣ್ಣಾಗುತ್ತಿದ್ದಳು. ಸಣ್ಣ ಮಾತಿಗೂ ಅಳು, ಮಕ್ಕಳ ಮೇಲೆ ಸಿಟ್ಟು, ನಿದ್ದೆಯಿಲ್ಲ, ಹೊಟ್ಟೆಯುಬ್ಬರ, ಎದೆನೋವು. ಅತ್ತೆಮನೆಯವರು ‘ನಝರ್ ಆಗಿದೆ’ ಎಂದು ತಾಯಿತ ಕಟ್ಟಿಸಿದರು. ನಾನೋ, ‘ಸಬರ್ ಮಾಡು’ ಎಂದು ಉಪದೇಶಿಸಿದೆ. ಒಂದು ರಾತ್ರಿ ಫೋನಿನಲ್ಲಿ, “ಆಪಾ, ನನಗೆ ಬದುಕೇ ಬೇಡವಾಗಿದೆ” ಎಂದಳು. ನಾಲ್ಕು ದಿನ ಕಳೆದು ವಿಚಾರಿಸಿದರೆ ಎಂದಿನಂತೆ ನಗುತ್ತಿದ್ದಳು. ಆಗ ಮುಟ್ಟಾಗಿದ್ದಳು.

ಲಿಂಗಸುಗೂರಿನಲ್ಲಿ ಪರಿಚಿತರು ಕಂಡಾರೆಂಬ ಅಂಜಿಕೆ ಅವಳಿಗೆ. ಮಸ್ಕಿಗೆ ಕರೆಸಿಕೊಂಡು, ಇಬ್ಬರೂ ಬಸ್ಸು ಹತ್ತಿ ಸಿಂಧನೂರಿನ ವೈದ್ಯೆಯೊಬ್ಬರ ಬಳಿ ಹೋದೆವು. ಥೈರಾಯ್ಡ್ ದೋಷ, ರಕ್ತಹೀನತೆ ಇಲ್ಲವೆಂದು ಪರೀಕ್ಷಿಸಿದ ಬಳಿಕ ಅವರೆಂದರು: “ಈ ಕಾಯಿಲೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ. ಎರಡು ತಿಂಗಳು ದಿನವೂ ಬರೆದು ತನ್ನಿ.”

ತಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಳು. ಎರಡೂ ತಿಂಗಳು ಒಂದೇ ಕಥೆ: ಮುಟ್ಟಿಗೆ ವಾರ ಮುಂಚೆ ಆರಂಭ, ಮುಟ್ಟಾದ ಎರಡು ಮೂರು ದಿನಗಳಲ್ಲಿ ಮಾಯ.

1953ರಲ್ಲೇ ಬ್ರಿಟನ್ನಿನ ವೈದ್ಯರಾದ ಕ್ಯಾಥರಿನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ‘ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್’ ಎಂಬ ಹೆಸರಿನಲ್ಲಿ ಇದರ ಬಗ್ಗೆ ಬರೆದಿದ್ದರು. ಇದರ ತೀವ್ರ ರೂಪವೇ ಪಿಎಂಡಿಡಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಅದನ್ನು ಪ್ರತ್ಯೇಕ ಕಾಯಿಲೆಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು. 11 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಸಿಟ್ಟು, ದುಃಖ, ಆತಂಕ ಅಥವಾ ಮನಸ್ಸಿನ ಏರಿಳಿತ ಅವುಗಳಲ್ಲಿ ಒಂದಾಗಿರಬೇಕು. ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ತೀವ್ರವಾಗಿರಬೇಕು. ತಿಂಗಳಿಡೀ ಮನಸ್ಸು ಕುಗ್ಗಿಯೇ ಇದ್ದರೆ ಅದು ಖಿನ್ನತೆಯಿರಬಹುದು. ಅದಕ್ಕೂ ಚಿಕಿತ್ಸೆ ಬೇಕು.

ಇದು ಹಟಮಾರಿತನವಲ್ಲ, ಈಮಾನಿನ ಕೊರತೆಯೂ ಅಲ್ಲ. ಹಾರ್ಮೋನುಗಳ ಸಹಜ ಏರಿಳಿತಕ್ಕೆ ಕೆಲವರ ಮೆದುಳು ಅತಿಯಾಗಿ ಸ್ಪಂದಿಸುತ್ತದೆ, ಅಷ್ಟೇ. ವೈದ್ಯರು ಕೊಟ್ಟ ಮಾತ್ರೆಯನ್ನು ತಂಗಿ ಈಗ ಆ ದಿನಗಳಲ್ಲಿ ಮಾತ್ರ ಸೇವಿಸುತ್ತಾಳೆ. ಸಿಟ್ಟು ಪೂರ್ತಿ ಹೋಗಿಲ್ಲ. ಬದುಕು ಬೇಡವೆಂಬ ಮಾತು ಮಾತ್ರ ಮತ್ತೆ ಬಂದಿಲ್ಲ. ಅಲ್‌ಹಮ್ದುಲಿಲ್ಲಾಹ್.

ನಿಮ್ಮ ಮನೆಯ ಮಗಳೋ ಸೊಸೆಯೋ ಅಂಥ ಮಾತಾಡಿದರೆ ಎರಡು ತಿಂಗಳು ಕಾಯಬೇಡಿ. ಕೂಡಲೇ ವೈದ್ಯರನ್ನು ಕಾಣಿ, ಇಲ್ಲವೇ ಸರಕಾರದ ಉಚಿತ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ‘ಸಬರ್ ಮಾಡು’ ಎನ್ನುವ ಮೊದಲು, “ಇವತ್ತು ಎಷ್ಟನೇ ದಿನ?” ಎಂದು ಕೇಳಿ. ನಾನು ಅದನ್ನು ಕೇಳಲು ವರ್ಷಗಳೇ ತಡಮಾಡಿದೆ.