ಸೇದುತ್ತಿದ್ದರಾ?

"ಅಯ್ಯೋ ಹೌದಾ? ಶ್ವಾಸಕೋಶದ್ದಾ? ಸೇದುತ್ತಿದ್ದರಾ?"

ಕಳೆದ ವರ್ಷದ ಏಪ್ರಿಲ್‌ನಿಂದ ಈಚೆಗೆ ನಮ್ಮ ಮನೆಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಇದೇ ದಾರಿಯಲ್ಲಿ ಸಾಗಿದವು. ಕೇಳಿದವರು ಕೆಟ್ಟವರೇನಲ್ಲ. ಮಾಟುಂಗಾದ ಕನ್ನಡ ಕಾರ್ಯಕ್ರಮಗಳಲ್ಲಿ ಪಕ್ಕದಲ್ಲಿ ಕೂತವರು, ಡೊಂಬಿವಲಿಯ ನಮ್ಮ ಸೊಸೈಟಿಯವರು, ಕುಮಟೆಯಿಂದ ನಾದಿನಿ. ನಾನು "ಹೌದು" ಅಂದ ಕೂಡಲೇ ಆ ಕಡೆಯಿಂದ ಒಂದು "ಹ್ಞೂಂ" ಬರುತ್ತಿತ್ತು. ಲೆಕ್ಕ ತಾಳೆಯಾದಾಗ ಬರುತ್ತದಲ್ಲ, ಅಂಥ ಹ್ಞೂಂ. ಆಮೇಲೆ ಮಾತು ಬೇರೆಡೆ ಹೊರಳುತ್ತಿತ್ತು.

ಸೇದುತ್ತಿದ್ದರು. ನಾನು ಮದುವೆಯಾಗಿ ಮುಂಬಯಿಗೆ ಬಂದ 1991ರಲ್ಲಿ ದಿನಕ್ಕೆ ಹತ್ತು. ಇವರದು ಅಕೌಂಟ್ಸ್ ಕೆಲಸ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವಾಗ ಇಪ್ಪತ್ತಾಗುತ್ತಿದ್ದದ್ದೂ ಉಂಟು. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಮಗಳು ಹುಟ್ಟಿದಾಗ ಬಿಟ್ಟರು, ಅವಳಿಗೆ ಹಲ್ಲು ಮೂಡುವ ಹೊತ್ತಿಗೆ ಮತ್ತೆ ಹಿಡಿದರು. 2016ರಲ್ಲಿ ಪ್ಯಾಕೆಟ್ಟಿನ ಶೇ. 85 ಭಾಗ ಎಚ್ಚರಿಕೆಯ ಚಿತ್ರವೇ ಇರಬೇಕೆಂಬ ನಿಯಮ ಬಂತಲ್ಲ, ಆಗ ಇವರು ಆ ಚಿತ್ರ ಕಣ್ಣಿಗೆ ಬೀಳದಂತೆ ಸಿಗರೇಟುಗಳನ್ನು ಸ್ಟೀಲ್ ಡಬ್ಬಿಯೊಂದಕ್ಕೆ ತುಂಬಿಸಿಕೊಳ್ಳತೊಡಗಿದರು. ಕೊನೆಗೆ ನಿವೃತ್ತಿಯ ವರ್ಷ, ಯಾರೂ ಏನೂ ಹೇಳದೆ, ಒಂದು ಸೋಮವಾರ ಬಿಟ್ಟೇಬಿಟ್ಟರು. ನಾಲ್ಕು ವರ್ಷ ಮುಟ್ಟಲಿಲ್ಲ. ಗೆದ್ದೆವು ಅಂದುಕೊಂಡಿದ್ದೆ.

ಆಮೇಲೆ ಕೆಮ್ಮು ಶುರುವಾಯಿತು. ಚಳಿಗಾಲದ ಧೂಳು, ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಸಿಮೆಂಟು ಎಂದು ಎರಡು ತಿಂಗಳು ಕಷಾಯ ಕುಡಿಸಿದೆ. ಎರಡನೇ ಮಹಡಿ ಹತ್ತುವಾಗ ನಡುವೆ ನಿಂತು ಯಾರದೋ ಬಾಗಿಲ ತೋರಣ ನೋಡುವ ನೆಪ ಮಾಡಿದಾಗ ಎಕ್ಸ್‌ರೇ ತೆಗೆಸಿದೆವು. ಬಲಗಡೆ ಅರ್ಧ ಬೆಳ್ಳಗಿತ್ತು. ಎದೆಗೂಡಿನಿಂದ ಕೆಂಪು ಬೆರೆತ ನೀರು ಒಂದೂವರೆ ಲೀಟರ್ ತೆಗೆದರು. ಬಯಾಪ್ಸಿ, ಪೆಟ್ ಸ್ಕ್ಯಾನ್ ಎಲ್ಲ ಆಗಿ, ಬೆನ್ನುಮೂಳೆಗೂ ಹರಡಿದ ನಾಲ್ಕನೇ ಹಂತ ಎಂದಾಯಿತು. ಆಪರೇಷನ್ನಿನ ಮಾತೇ ಇರಲಿಲ್ಲ. ಗಡ್ಡೆಯ ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನುಗಳಲ್ಲಿ ಬದಲಾವಣೆ ಇದ್ದರೆ ಮಾತ್ರೆಯಲ್ಲೇ ಹಿಡಿತಕ್ಕೆ ತರಬಹುದು ಅಂದರು. ಆ ವರದಿಗಾಗಿ ಕಾದಷ್ಟು ನಾನು ಮಗಳ ಹತ್ತನೇ ಕ್ಲಾಸಿನ ರಿಸಲ್ಟಿಗೂ ಕಾದಿರಲಿಲ್ಲ. ಎರಡೂ ನೆಗೆಟಿವ್. ಇಮ್ಯುನೋಥೆರಪಿಯ ಬೆಲೆ ಕೇಳಿ ಇಬ್ಬರೂ ಸುಮ್ಮನಾದೆವು. ಉಳಿದದ್ದು ಕಿಮೋ. ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಎಂಬ ಎರಡು ಔಷಧಿ, 21 ದಿನಕ್ಕೊಮ್ಮೆ. "ಪೂರ್ತಿ ಹೋಗುವುದಿಲ್ಲ, ಆದಷ್ಟು ದಿನ ಹಿಡಿದಿಡೋಣ" ಎಂದು ಡಾಕ್ಟರು ನೇರವಾಗಿಯೇ ಹೇಳಿದರು.

ಆ ದಿನ ಪರೇಲಿನಿಂದ ಸ್ಲೋ ಲೋಕಲ್‌ನಲ್ಲಿ ಮನೆಗೆ ಬರುತ್ತಿದ್ದೆವು. ಕುರ್ಲಾ ದಾಟಿದ ಮೇಲೆ ನನ್ನ ಬಾಯಿಂದ ಒಂದು ಮಾತು ಬಂತು.

"ಎಷ್ಟು ಸಲ ಹೇಳಿದ್ದೆ ನಾನು!"

ಇವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಡೊಂಬಿವಲಿ ಬರುವವರೆಗೂ ತಿರುಗಲಿಲ್ಲ. ನಾನೂ ಮತ್ತೇನೂ ಹೇಳಲಿಲ್ಲ. ಒಂದೇ ಮಾತಲ್ಲವೆ, ಆಡಿ ಮುಗಿಯಿತು ಅಂದುಕೊಂಡೆ.

ಮೇ ತಿಂಗಳಲ್ಲಿ ಮೊದಲ ಕಿಮೋ ಆಯಿತು. ಸಿಸ್ಟರ್ ನನ್ನನ್ನು ಕೂರಿಸಿಕೊಂಡು ಎಲ್ಲ ವಿವರಿಸಿದರು. ಸ್ಟೀರಾಯ್ಡ್‌ನಿಂದಾಗಿ ಮೊದಲೆರಡು ದಿನ ಲವಲವಿಕೆ ಇರುತ್ತದೆ, ಮೂರನೇ ದಿನದಿಂದ ಕಾಲು ಸೆಳೆತ ಬರಬಹುದು, ಎರಡು ಮೂರು ವಾರದಲ್ಲಿ ಕೂದಲು ಹೋಗುತ್ತದೆ, ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ಇಳಿದಿರುತ್ತದೆ. ಆಗ ಜ್ವರ 100.4 ಮುಟ್ಟಿದರೆ ಅದು ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಬರಬೇಕು. ನಾನು ಎಲ್ಲವನ್ನೂ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಮನೆಯಲ್ಲಿ ಒಗ್ಗರಣೆ ನಿಂತಿತು. ಇಂಗು, ಸಾಸಿವೆ ಸಿಡಿದ ವಾಸನೆಗೇ ಇವರಿಗೆ ಹೊಟ್ಟೆ ತೊಳಸುತ್ತಿತ್ತು. ಕುಚ್ಚಲಕ್ಕಿ ಗಂಜಿ, ದೊಡ್ಡಪತ್ರೆ ಹುರಿದು ಬೀಸಿದ ತಂಬುಳಿ, ಬೇಯಿಸಿದ ನೇಂದ್ರಬಾಳೆ. ಬಿಸಿಯದ್ದಕ್ಕಿಂತ ತಣ್ಣಗಿನದ್ದು ಒಳಗೆ ಹೋಗುತ್ತದೆ, ವಾಸನೆ ಕಡಿಮೆ ಎಂದು ನಿಧಾನಕ್ಕೆ ಕಲಿತೆ. ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಎಂದಾಗ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ಕಿನದು ಕೊಟ್ಟೆ.

ಹೇಗಿದ್ದೀರಿ ಅಂದರೆ ಇವರದು ಒಂದೇ ಉತ್ತರ: "ಎಂತ ಇಲ್ಲ ಮಾರಾಯ್ತಿ, ಆರಾಮ." ನೋಡಲು ಬಂದವರೆಲ್ಲ "ಎಷ್ಟು ತಾಳ್ಮೆ!" ಅಂದರು. ನನಗೂ ಒಳಗೊಳಗೇ ಹೆಮ್ಮೆ. ಸಣ್ಣ ಜ್ವರ ಬಂದರೂ ಮನೆ ತುಂಬ ನರಳುತ್ತಿದ್ದ ಮನುಷ್ಯ ಈಗ ಕಲ್ಲಿನಂತೆ ಇದ್ದಾರಲ್ಲ ಎಂದು. ಎರಡನೇ ಕಿಮೋ ಆದ ಮೇಲೆ ಇವರು ಅಂಗಿ ಬಿಟ್ಟು ಟೀ ಶರ್ಟ್ ಹಾಕತೊಡಗಿದರು. ಸೆಕೆ ಎಂದುಕೊಂಡೆ. ಒಂದು ದಿನ ಪ್ಲಾಟ್‌ಫಾರಂ ಮೇಲೆ ಎಡಗಾಲಿನ ಚಪ್ಪಲಿ ಹಿಂದೆ ಉಳಿದಿತ್ತು, ಇವರು ಬರಿಗಾಲಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಿದ್ದರು. "ಧ್ಯಾನ ಎಲ್ಲಿದೆ ನಿಮ್ಮದು?" ಎಂದು ಗದರಿದೆ. ಇವರು ನಕ್ಕರು.

ಎರಡನೇ ಕಿಮೋದ ಹತ್ತನೇ ದಿನ. ಜೂನ್ ಕೊನೆ, ಧೋ ಎಂದು ಮಳೆ. ರಾತ್ರಿ ಒಂಬತ್ತಕ್ಕೆ ಥರ್ಮಾಮೀಟರ್ ಇಟ್ಟಾಗ 99 ಇತ್ತು. ಮೂರು ಗಂಟೆಗೆ ಮಂಚ ಅಲುಗಿದಂತಾಗಿ ಎಚ್ಚರವಾಯಿತು. ಇವರು ಎರಡು ಹೊದಿಕೆಯೊಳಗೆ ಗಡಗಡ ನಡುಗುತ್ತಿದ್ದರು. 103. ದಿಂಬಿನ ಕೆಳಗೆ ಕೈ ಹಾಕಿದರೆ ಪ್ಯಾರಾಸಿಟಮಾಲ್ ಸ್ಟ್ರಿಪ್, ನಾಲ್ಕು ಗುಳಿಗೆ ಖಾಲಿ. ಮಧ್ಯಾಹ್ನದಿಂದಲೇ ಜ್ವರ ಇತ್ತು. ನುಂಗಿ ನುಂಗಿ ಅದನ್ನು ಕೆಳಗಿಳಿಸಿ ನನ್ನ ಥರ್ಮಾಮೀಟರಿಗೆ ಒಡ್ಡಿದ್ದರು.

ಕೆಳಗಿನ ಮನೆಯ ಮರಾಠಿ ಹುಡುಗ ತನ್ನ ಕಾರಿನಲ್ಲಿ, ಮೊಳಕಾಲು ನೀರಿನಲ್ಲಿ, ಹತ್ತಿರದ ಆಸ್ಪತ್ರೆಗೆ ಮುಟ್ಟಿಸಿದ. ಬಿಳಿ ರಕ್ತಕಣ 900ಕ್ಕೆ ಇಳಿದಿತ್ತು. ಇರಬೇಕಾದ್ದು ಕಡಿಮೆಯೆಂದರೂ 4,000. ಕೂಡಲೇ ಆಂಟಿಬಯೋಟಿಕ್ ಏರಿಸಿದರು. ಬಿಪಿ ಇಳಿಯುತ್ತಿದೆ ಎಂದು ಐಸಿಯುಗೆ ಸಾಗಿಸಿದರು. ಪುಣೆಯಿಂದ ಮಗಳು ಬೆಳಿಗ್ಗೆ ಬಂದು ಮುಟ್ಟುವವರೆಗೆ ನಾನು ಆ ಬಾಗಿಲ ಹೊರಗೆ, ಒದ್ದೆ ಸೀರೆಯಲ್ಲಿ, ಖಾಲಿ ಸ್ಟ್ರಿಪ್ ಹಿಡಿದು ಕೂತಿದ್ದೆ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂದಿತ್ತು.

ಮೂರನೇ ದಿನ ವಾರ್ಡಿಗೆ ತಂದ ಮೇಲೆ ಕೇಳಿದೆ. "ಯಾಕೆ ಹೇಳಲಿಲ್ಲ?"

ಇವರು ಸಲೈನ್ ಬಾಟಲಿಯನ್ನೇ ನೋಡುತ್ತಿದ್ದರು. "ನಾನೇ ತಂದುಕೊಂಡದ್ದಲ್ವಾ. ನೀನು ಮೂವತ್ತು ವರ್ಷ ಹೇಳಿದೆ, ನಾ ಕೇಳಲಿಲ್ಲ. ಈಗ ಕಾಲು ಜೋಮು, ಬಾಯಿ ಹುಣ್ಣು, ಜ್ವರ ಅಂತ ನಿನ್ನ ಹತ್ರ ಯಾವ ಮುಖ ಇಟ್ಟುಕೊಂಡು ಹೇಳಲಿ?"

ಕಾಲು ಜೋಮು! ಆಗ ಚಪ್ಪಲಿ ನೆನಪಾಯಿತು. ಅಂಗಿಯ ಗುಂಡಿ ನೆನಪಾಯಿತು. ಬೆರಳಿಗೆ ಸ್ಪರ್ಶವೇ ಸರಿಯಾಗಿ ತಿಳಿಯದೆ ಇವರಿಗೆ ಗುಂಡಿ ಹಾಕಲು ಆಗುತ್ತಿರಲಿಲ್ಲ. ನಾವೆಲ್ಲ ತಾಳ್ಮೆ ಎಂದು ಹೊಗಳಿದ್ದು ತಾಳ್ಮೆಯಲ್ಲ, ಶಿಕ್ಷೆ. ತಾವೇ ವಿಧಿಸಿಕೊಂಡು ಅನುಭವಿಸುತ್ತಿದ್ದರು. ಫೋನಿನಲ್ಲಿ ಹ್ಞೂಂ ಅಂದವರು ಅದಕ್ಕೆ ಸಾಕ್ಷಿಗಳು. ತೀರ್ಪು ಕೊಟ್ಟವಳು ಮಾತ್ರ ನಾನೇ, ಕುರ್ಲಾ ದಾಟಿದ ಮೇಲೆ.

"ನನಗೆ ಸಿಟ್ಟಿದೆ, ಇಲ್ಲ ಅಂತ ಸುಳ್ಳು ಹೇಳೋಲ್ಲ" ಅಂದೆ. "ಆ ಸ್ಟೀಲ್ ಡಬ್ಬಿ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಆದರೆ ಅದು ನಮ್ಮ ಹಳೇ ಜಗಳ. ಅದಕ್ಕೂ ಈ ಜ್ವರಕ್ಕೂ ಸಂಬಂಧ ಕಟ್ಟಬೇಡಿ. ಆ ದಿನ ಟ್ರೈನಿನಲ್ಲಿ ನಾನು ಹಾಗೆ ಅನ್ನಬಾರದಿತ್ತು."

ಇವರು ಅತ್ತರು. ಮಾವ ತೀರಿಕೊಂಡಾಗಲೂ ಅತ್ತವರಲ್ಲ.

ಡಾಕ್ಟರಿಗೆ ಜೋಮಿನ ವಿಷಯ ಹೇಳಿದಾಗ ಅವರು ಬೈಯಲಿಲ್ಲ. "ಇದು ಮೊದಲೇ ಗೊತ್ತಾಗಿದ್ದರೆ ಎರಡನೇ ಸಲವೇ ಪ್ರಮಾಣ ಇಳಿಸುತ್ತಿದ್ದೆ" ಎಂದು ಮೂರನೆಯದಕ್ಕೆ ಔಷಧಿಯ ಪ್ರಮಾಣ ಕಡಿಮೆ ಮಾಡಿದರು. ಬಿಳಿ ಕಣ ಏರಿಸುವ ಇಂಜೆಕ್ಷನ್ ಬರೆದರು. ಇಷ್ಟು ಸುಲಭವಿತ್ತು. ರೋಗಿ ಬಾಯಿಬಿಡಬೇಕಿತ್ತು, ಅಷ್ಟೆ.

ಮೂರನೇ ಕಿಮೋದ ದಿನ ಡೇ ಕೇರ್‌ನಲ್ಲಿ ಪಕ್ಕದ ಕುರ್ಚಿಗೆ ಒಬ್ಬ ಹೆಂಗಸು ಬಂದರು. ಅಕ್ಕಲಕೋಟೆ ಕಡೆಯವರು, ನಾವು ಕನ್ನಡ ಮಾತಾಡುವುದು ಕೇಳಿ ಮುಖ ಅರಳಿತು. ಅವರದೂ ಶ್ವಾಸಕೋಶವೇ. ಇವರು ಸಂಕೋಚದಿಂದ "ನಾನು ಸಿಗರೇಟು ಸೇದ್ತಿದ್ದೆ" ಅಂದರು, ಕೇಳದೆಯೇ. ಆಕೆ ಹಣೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಅಂದರು: "ನಾ ಒಂದ್ ಬೀಡಿನೂ ಮುಟ್ಟಿಲ್ರೀ ಅಣ್ಣಾ. ನನಗೂ ಎಲ್ಲಾರೂ ಅದನ್ನ ಕೇಳ್ತಾರ. ಮನ್ಯಾಗ ಯಾರು ಸೇದ್ತಾರ ಅಂತ ನಮ್ಮ ಯಜಮಾನರ ಮಾರಿ ನೋಡ್ತಾರ. ಅವ್ರೂ ಮುಟ್ಟಿಲ್ಲ. ಪಾಪ, ಸುಮ್ನ ತಲಿ ತಗ್ಗಿಸ್ತಾರ."

ಸಿಗರೇಟು ಈ ರೋಗದ ಅತಿ ದೊಡ್ಡ ಕಾರಣ ಎನ್ನುವುದರಲ್ಲಿ ಅನುಮಾನವಿಲ್ಲ. ಸೇದುವವರು ಇದನ್ನು ಓದುತ್ತಿದ್ದರೆ ಇವತ್ತೇ ಬಿಡಿ, ಬಿಟ್ಟಷ್ಟೂ ಲಾಭವೇ. ಆದರೆ ಒಮ್ಮೆಯೂ ಸೇದದವರಿಗೂ, ಅದರಲ್ಲೂ ನಮ್ಮ ಹೆಂಗಸರಿಗೆ, ಇದು ಬರುತ್ತದೆ. ಮಲಗಿದವರ ಮುಂದೆ ಕಾರಣ ಕೇಳಿದರೆ ಸೇದಿದವರು ಬಾಯಿ ಮುಚ್ಚುತ್ತಾರೆ, ಸೇದದವರು ತಲೆ ತಗ್ಗಿಸುತ್ತಾರೆ. ಕಿಮೋ ನಡೆಯುವಾಗ ಬಾಯಿ ಮುಚ್ಚಿದ ರೋಗಿಗಿಂತ ಅಪಾಯ ಬೇರೆ ಇಲ್ಲ.

ಅಂದಿನಿಂದ ಒಂದು ಉದ್ದದ ಲೆಕ್ಕದ ಪುಸ್ತಕ ಬಂತು. ಮೂವತ್ತು ವರ್ಷ ಲೆಕ್ಕ ಬರೆದ ಕೈ, ಗೆರೆ ಇವರೇ ಹಾಕಿದರು. ಜ್ವರ, ಬಾಯಿ, ಬೆರಳು, ಉಸಿರು, ಹೊಟ್ಟೆ, ನೋವು, ಇತರೆ. ದಿನಕ್ಕೆ ಎರಡು ಸಲ, ಹತ್ತಕ್ಕೆ ಎಷ್ಟು ಎಂದು ಅಂಕ. "ಆರಾಮ" ಎಂದು ಬರೆಯುವಂತಿಲ್ಲ. ಬಾಯಿ ನಾಲ್ಕು ದಾಟಿದರೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರು ಮುಕ್ಕಳಿಸುವುದು. ಮಲಬದ್ಧತೆ ಬಂದದ್ದು ವಾಂತಿ ತಡೆಯುವ ಗುಳಿಗೆಯಿಂದ ಎಂದು ಗೊತ್ತಾದದ್ದೂ ಆ ಪುಸ್ತಕದಿಂದಲೇ. ಏದುಸಿರು ಬಂದಾಗ ಮುಂದಕ್ಕೆ ಬಾಗಿ ಕೂತು ಮುಖಕ್ಕೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ ಹಗುರವಾಗುತ್ತದೆ ಎಂದು ನೋವು ನಿವಾರಣೆಯ ವಿಭಾಗದವರು ಕಲಿಸಿಕೊಟ್ಟರು. ಮಾರ್ಫಿನ್ ಗುಳಿಗೆ ಎಂದಾಗ ಕೊನೆ ಬಂತೇ ಎಂದು ಹೆದರಿದ್ದೆ. ಕೊನೆಯಲ್ಲ, ಬೆನ್ನುನೋವು ತಗ್ಗಿ ಇವರು ರಾತ್ರಿ ನಿದ್ದೆ ಮಾಡಿದರು.

ಫೋನನ್ನೂ ಇವರೇ ಎತ್ತತೊಡಗಿದರು. ಮೊನ್ನೆ ಯಾರೋ ಕೇಳಿದ್ದಕ್ಕೆ ಇವರ ಉತ್ತರ ಅಡುಗೆಮನೆಗೆ ಕೇಳಿಸಿತು: "ಹೌದು ಮಾರಾಯ, ಸೇದ್ತಿದ್ದೆ. ಅದು ಆಯ್ತು. ಈಗ ಬಾಯಿ ಹುಣ್ಣಾಗಿದೆ, ಅದರ ಬಗ್ಗೆ ಕೇಳು."

ಆರು ಕಿಮೋ ಮುಗಿದು ಸ್ಕ್ಯಾನ್ ಮಾಡಿದಾಗ ಗಡ್ಡೆ ಕುಗ್ಗಿತ್ತು. ಐದು ತಿಂಗಳು ಸುಖವಾಗಿದ್ದೆವು. ಒಂದು ಬೆಳಿಗ್ಗೆ ಇವರೇ "ಇವತ್ತು ಒಗ್ಗರಣೆ ಹಾಕು" ಅಂದರು. ಸಾಸಿವೆ ಸಿಡಿಯುವಾಗ ಇಬ್ಬರೂ ಒಲೆಯ ಮುಂದೆ ನಿಂತಿದ್ದೆವು. ಈಗ ಅದು ಮತ್ತೆ ತಲೆ ಎತ್ತಿದೆ. ಬೇರೆ ಔಷಧಿ ಶುರುವಾಗಿದೆ. ಲೋಕಲ್‌ನ ದಿವ್ಯಾಂಗ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವಿದೆ, ಅಲ್ಲಿ ಕೂತು ಮತ್ತೆ ಪರೇಲಿಗೆ ಹೋಗಿ ಬರುತ್ತಿದ್ದೇವೆ. ಎಷ್ಟು ದಿನ ಎಂದು ಇವರೂ ಕೇಳಿಲ್ಲ, ನಾನೂ ಕೇಳಿಲ್ಲ. ಕೇಳಬೇಕೆನಿಸಿದ ದಿನ ಇಬ್ಬರೂ ಜೊತೆಗೇ ಕೇಳುವುದು ಎಂದು ಮಾತಾಗಿದೆ.

ನಿನ್ನೆ ರಾತ್ರಿ ಇವರು ಮಲಗಿದ ಮೇಲೆ ಪುಸ್ತಕ ತೆರೆದೆ. ಜ್ವರ 98.6. ಬಾಯಿ 3. ಬೆರಳು 5. ಉಸಿರು 4. ಕೊನೆಯ ಅಂಕಣ, 'ಇತರೆ', ಯಾವಾಗಲೂ ಖಾಲಿ ಇರುತ್ತಿತ್ತು. ಜೋಮು ಹಿಡಿದ ಬೆರಳಿನ ಸೊಟ್ಟ ಅಕ್ಷರದಲ್ಲಿ ಅಲ್ಲಿ ಹೀಗೆ ಬರೆದಿತ್ತು:

"ಇವಳಿಗೆ ಮೂರು ದಿನದಿಂದ ಮೊಣಕಾಲು ನೋವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಹೇಳಿಲ್ಲ."